ಬಾಯಿ ತೆರೆಸುವ ಮುಂಚೆ ಕೇಳಿ, ಡಾಕ್ಟ್ರೇ

ಅಪ್ಪನಿಗೆ ಈಗ 71. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬೈಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ 38 ವರ್ಷ ದುಡಿದರು, ಅದರಲ್ಲಿ ಜಾಸ್ತಿ ಕಾಲ ಗಲ್ಲೆಯಲ್ಲಿ. ಕಳೆದ ತಿಂಗಳು ಕೆಳಗಿನ ಎಡದವಡೆ ಹಲ್ಲು ನೋಯುತ್ತಿದೆ ಅಂದರು. ಡೊಂಬಿವಲಿಯಲ್ಲಿ ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದರು. ಒಂದು ಹಲ್ಲಿಗೆ ರೂಟ್ ಕೆನಾಲ್ ಮಾಡಬೇಕು ಅಂದರು. ಒಪ್ಪಿದೆವು. ನಾನು ಹೊರಗೆ ಕೂತೆ.

ಮುಕ್ಕಾಲು ಗಂಟೆ ಬಿಟ್ಟು ಕೌಂಟರಿನಲ್ಲಿ ಕೊಟ್ಟ ಬಿಲ್ಲಿನಲ್ಲಿ ಎರಡು ಹಲ್ಲು ಇದ್ದವು. ಎರಡು ರೂಟ್ ಕೆನಾಲ್, ಎರಡು ಕ್ಯಾಪ್‌ಗೆ ಅಡ್ವಾನ್ಸ್. ಕೇಳಿದ್ದಕ್ಕೆ ಡಾಕ್ಟರ್ ಸಮಾಧಾನವಾಗಿಯೇ ಹೇಳಿದರು: "ಬಾಜುವಾಲಾ ಭೀ ಖರಾಬ್ ಥಾ. ಅಂಕಲ್ ಕೋ ಪೂಛಾ, ಉನ್ಹೋಂನೇ ಹಾಂ ಬೋಲಾ." ಪಕ್ಕದ್ದೂ ಹಾಳಾಗಿತ್ತು, ಅಂಕಲ್‌ಗೆ ಕೇಳಿದೆ, ಅವರು ಹೂಂ ಅಂದರು ಅಂತ.

ಅಪ್ಪನ ಮುಖ ನೋಡಿದೆ. ಎಡಗಡೆ ತುಟಿ ಜೋತುಬಿದ್ದಿತ್ತು. ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿದ್ದದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕರ್ಚೀಫಿನಿಂದ ಒರೆಸಿದೆ. ರಾತ್ರಿ ಗಂಜಿ ಕುಡಿಯುವಾಗ ಹೇಳಿದರು: "ಬಾಯಿ ಒಳ್ಗ್ ಅವ್ರ್ ಕೈ ಇತ್ತ್ ಮಗ. ನಾನ್ ಎಂತ ಹೇಳೂದ್?"

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಬೇರೆ ಡಾಕ್ಟರ ಹತ್ತಿರ ಹೊಟ್ಟೆ ಮುಟ್ಟಿಸಿಕೊಳ್ಳುತ್ತಲೂ ನಾವು ಮಾತಾಡಬಹುದು. ಹಲ್ಲಿನ ಕುರ್ಚಿಯಲ್ಲಿ ಹಾಗಾಗುವುದಿಲ್ಲ. ಕೆಳದವಡೆಗೆ ಇಂಜೆಕ್ಷನ್ ಕೊಟ್ಟರೆ ಆ ಕಡೆಯ ತುಟಿ, ನಾಲಗೆ ಎರಡೂ ಜೋಮು ಹಿಡಿಯುತ್ತವೆ. ಅದು ಬಿಡಲು ಕೆಲವು ಗಂಟೆ ಬೇಕು. ಬಾಯಲ್ಲಿ ಹತ್ತಿ, ಎಂಜಲು ಎಳೆಯುವ ಪೈಪು, ಕಣ್ಣಿನ ಮೇಲೆ ಲೈಟು. ಆಗ ಗಂಟಲಿನಿಂದ ಹೊರಡುವ "ಹ್ಞಾಂ" ಒಪ್ಪಿಗೆಯೂ ಇರಬಹುದು, ನೋವೂ ಇರಬಹುದು. ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳುವುದು ತಪ್ಪು. ದೊಡ್ಡ ತಪ್ಪು.

ಆ ಪಕ್ಕದ ಹಲ್ಲು ನಿಜಕ್ಕೂ ಹಾಳಾಗಿದ್ದಿರಬಹುದು. ಡಾಕ್ಟರ್ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಆದರೆ ರೂಟ್ ಕೆನಾಲ್ ಅಂದರೆ ಹಲ್ಲಿನ ತಲೆ ಕೊರೆದು, ಒಳಗಿನ ನರ ತೆಗೆದು, ಬೇರಿನ ಕೊಳವೆಗಳನ್ನು ತೆಳ್ಳಗಿನ ಫೈಲುಗಳಿಂದ ಕೆರೆದು ತುಂಬಿಸುವ ಕೆಲಸ. ತೆಗೆದ ನರ ಮತ್ತೆ ಬರುವುದಿಲ್ಲ. ಅಂಥ ಕೆಲಸಕ್ಕೆ ಮುಂಚೆ ಹಲ್ಲಿನ ಯಜಮಾನನನ್ನು ಕೇಳಬೇಕು ಅಲ್ವಾ? ಹತ್ತು ನಿಮಿಷ ನಿಲ್ಲಿಸಿ, ಅಪ್ಪನನ್ನು ಎಬ್ಬಿಸಿ ಕೂರಿಸಿ, ಹೊರಗಿದ್ದ ನನ್ನನ್ನು ಕರೆದಿದ್ದರೆ ಸಾಕಿತ್ತು. ನೋವಿದ್ದ ಹಲ್ಲನ್ನು ಮುಗಿಸಿ, ಇನ್ನೊಂದಕ್ಕೆ ಬೇರೆ ದಿನ ಕೊಡಬಹುದಿತ್ತು.

"ಒಂದೇ ಸಿಟ್ಟಿಂಗಲ್ಲಿ ಮುಗೀತು, ನಿಮಗೇ ಅನುಕೂಲ" ಅಂತಲೂ ಆ ಡಾಕ್ಟರ್ ಅಂದರು. ಈ ಮಾತಿಗೆ ಸುಪ್ರೀಂ ಕೋರ್ಟು 2008ರಲ್ಲೇ ಉತ್ತರ ಕೊಟ್ಟಿದೆ, ಸಮೀರಾ ಕೊಹ್ಲಿ ಕೇಸಿನಲ್ಲಿ. ಆ ಹೆಣ್ಣುಮಗಳು ಒಪ್ಪಿದ್ದು ಹೊಟ್ಟೆಯೊಳಗೆ ನೋಡುವ ತಪಾಸಣೆಗೆ. ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಕೋರ್ಟು ಹೇಳಿದ್ದು: ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ. ಪೇಷಂಟಿಗೆ ಒಳ್ಳೆಯದಾಗುತ್ತಿತ್ತು, ಖರ್ಚು ಉಳಿಯುತ್ತಿತ್ತು, ಮುಂದಿನ ನೋವು ತಪ್ಪುತ್ತಿತ್ತು ಅನ್ನುವುದೂ ಸಮರ್ಥನೆಯಲ್ಲ. ಜೀವ ಅಥವಾ ಆರೋಗ್ಯ ಉಳಿಸಲು ತಡಮಾಡದೆ ಮಾಡಲೇಬೇಕಾದರೆ ಮಾತ್ರ ಬೇರೆ ಮಾತು. ದವಡೆ ಹಲ್ಲಿನ ಹುಳುಕು ಆ ಮಧ್ಯಾಹ್ನ ಯಾರ ಜೀವವನ್ನೂ ತೆಗೆಯುತ್ತಿರಲಿಲ್ಲ.

ನನ್ನ ಚಿಕ್ಕಪ್ಪನ ಮಗಳು ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರ್ ಓದು, ಮುಗಿಸಿ ಕೆಲಸಕ್ಕಿದ್ದಾಳೆ. ಐದು ವರ್ಷದ ಓದು, ಅದರ ಸಾಲ ಇನ್ನೂ ಇದೆ. ಅವಳ ಮೊದಲ ಕ್ಲಿನಿಕ್ಕಿನಲ್ಲಿ ತಿಂಗಳ ಟಾರ್ಗೆಟ್ ಇತ್ತು. ಇಷ್ಟು ಕ್ಯಾಪ್, ಇಷ್ಟು ಇಂಪ್ಲಾಂಟ್. ಕಡಿಮೆಯಾದರೆ ಮೀಟಿಂಗಿನಲ್ಲಿ ಎಲ್ಲರೆದುರು ಮಾತು ಕೇಳಬೇಕು. ನಾಲ್ಕು ತಿಂಗಳಿಗೆ ಬಿಟ್ಟಳು. "ಅಣ್ಣಾ, ಯಾರಾದ್ರೂ ಬಾಯಿ ತೆರೆದ್ರೆ ಮೊದಲು ಲೆಕ್ಕವೇ ಕಾಣಿಸ್ತಿತ್ತು" ಅಂತ ಅತ್ತಳು. ಅವಳ ಮೇಲೆ ನನಗೆ ಬಹಳ ಗೌರವ. 1948ರ ಡೆಂಟಿಸ್ಟ್ಸ್ ಆಕ್ಟ್ ಅಡಿಯಲ್ಲಿ 2014ರಲ್ಲಿ ಹಲ್ಲಿನ ಡಾಕ್ಟರುಗಳಿಗೆ ಹೊಸ ನೀತಿಸಂಹಿತೆ ಬಂತು. ಪೇಷಂಟನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡಬಾರದು, ತಗೊಳ್ಳಬಾರದು ಅಂತ ಅದರಲ್ಲಿದೆ. ಟಾರ್ಗೆಟ್ ಹಾಕುವ ಮಾಲೀಕರನ್ನೂ ಯಾರಾದರೂ ಕೇಳಬೇಕು. ಬರೀ ಕುರ್ಚಿ ಪಕ್ಕ ನಿಂತ ಹುಡುಗ ಹುಡುಗಿಯರನ್ನು ಬೈದರೆ ಸಾಲದು.

ಮೊನ್ನೆ ಅಪ್ಪನ ಬಲಗಡೆ ಹಲ್ಲು ಜುಮ್ಮೆಂದಿತು. ಈ ಸಲ ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್‌ಗೆ ಹೋದೆವು. ಅದು ಮುನ್ಸಿಪಾಲಿಟಿಯ ಕಾಲೇಜು ಆಸ್ಪತ್ರೆ. ಕೇಸ್ ಪೇಪರಿಗೆ ಉದ್ದ ಲೈನು, ಬೆಳಗ್ಗೆ ಹೋದವರಿಗೆ ಮಧ್ಯಾಹ್ನವೇ ಆಯಿತು. ನೋಡಿದ್ದು ಕಲಿಯುತ್ತಿರುವ ಹುಡುಗಿ. ಅಪ್ಪನನ್ನು ಮಲಗಿಸುವ ಮುಂಚೆ ಕೈಗೆ ಒಂದು ಕನ್ನಡಿ ಕೊಟ್ಟಳು. ಯಾವ ಹಲ್ಲು, ಎಲ್ಲಿ ಕಪ್ಪಾಗಿದೆ, ತೋರಿಸಿದಳು. ಎಕ್ಸ್‌ರೇ ಬೆಳಕಿಗೆ ಹಿಡಿದು ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು: ಹುಳುಕು ನರದವರೆಗೆ ಹೋಗಿಲ್ಲ, ಫಿಲ್ಲಿಂಗ್ ಸಾಕು. ಮೇಡಂ ಬಂದು ನೋಡಿ ಹೌದೆಂದ ಮೇಲೆಯೇ ಕೆಲಸ ಶುರು ಮಾಡಿದಳು. ಶುರು ಮಾಡುವ ಮುಂಚೆ ಅಪ್ಪನ ಎಡಗೈ ಹಿಡಿದು, ನೋವಾದರೆ, ಏನಾದರೂ ಹೇಳಬೇಕು ಅನ್ನಿಸಿದರೆ ಈ ಕೈ ಎತ್ತಿ, ನಾನು ನಿಲ್ಲಿಸುತ್ತೇನೆ ಅಂದಳು.

ಅಪ್ಪ ನಡುವೆ ಒಮ್ಮೆ ಕೈ ಎತ್ತಿದರು. ಅವಳು ತಕ್ಷಣ ನಿಲ್ಲಿಸಿದಳು. ನೋವೇನೂ ಇರಲಿಲ್ಲವಂತೆ. ನಿಲ್ಲಿಸುತ್ತಾಳಾ ಅಂತ ನೋಡಬೇಕಿತ್ತು ಅಂತ ವಾಪಸ್ ಬರುವಾಗ ಟ್ರೇನಿನಲ್ಲಿ ಹೇಳಿದರು.

ಮೊದಲಿನ ಕ್ಲಿನಿಕ್ಕಿನಿಂದ ಆ ಎರಡನೇ ಹಲ್ಲಿನ ಎಕ್ಸ್‌ರೇ ಕೇಳಿ ಪತ್ರ ಕೊಟ್ಟಿದ್ದೇನೆ. ಹನ್ನೆರಡು ದಿನ ಆಯಿತು. ಶನಿವಾರ ಅಪ್ಪನನ್ನು ಕರೆದುಕೊಂಡು ಮತ್ತೆ ಹೋಗುತ್ತೇನೆ. ಈ ಸಲ ಅವರೇ ಮಾತಾಡುತ್ತಾರಂತೆ.