ದಿನಕ್ಕೆ ಮೂರು ಸಲ ಬಸ್ ಬರೋ ರಸ್ತೆ

ಪಕ್ಕದ ಮನೆ ಹುಡುಗ ಹೊಸ ಗೇರ್ ಸೈಕಲ್ ತಗೊಂಡಿದ್ದಾನೆ. "ಅಣ್ಣ, ಭಾನುವಾರ ಮಂಡ್ಯದಿಂದ ಮೈಸೂರಿಗೆ ಹೋಗ್ತೀನಿ. ಸರ್ವಿಸ್ ರೋಡ್ ಹಿಡಿದ್ರೆ 45 ಕಿಲೋಮೀಟರ್ ಅಷ್ಟೇ" ಅಂದ. ಆ ದಾರಿ ಬೇಡ ಕಣೋ ಅಂದೆ. ಯಾಕೆ ಅಂತ ಗೇಟಿನ ಹತ್ತಿರ ನಿಂತು ಹೇಳಿ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಬರುವಂತಿಲ್ಲ. ಅದು ಸರಿಯೇ. ನೂರರ ವೇಗದಲ್ಲಿ ಹೋಗೋ ಕಾರಿನ ಪಕ್ಕ ಸೈಕಲ್ ಇರಬಾರದು. ಆದರೆ ಅವೆಲ್ಲ ಈಗ ಸರ್ವಿಸ್ ರಸ್ತೆಗೆ ಬಂದಿವೆ. ಎದುರಿನಿಂದ ರಾಂಗ್ ಸೈಡಲ್ಲಿ ಬೈಕು. ಮುಂದೆ ಜನ ಹತ್ತಿಸಿಕೊಳ್ಳೋ ಬಸ್ಸು. ಹೆದ್ದಾರಿಯಿಂದ ಇಳಿದ ಕಾರು ಇನ್ನೂ ಹೆದ್ದಾರಿಯ ವೇಗದಲ್ಲೇ ಇರುತ್ತದೆ. ಹೋದ ವರ್ಷ ಹಾಗೆ ಎದುರು ಬಂದ ಬೈಕೊಂದು ಹ್ಯಾಂಡಲ್‌ಗೆ ತಾಗಿ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಹಿಂದೆ ಲಾರಿ ಇರಲಿಲ್ಲ.

ಅವತ್ತಿನಿಂದ ದಾರಿ ಆರಿಸುವಾಗ ಎಷ್ಟು ಕಿಲೋಮೀಟರ್ ಅಂತ ಮೊದಲು ನೋಡೋದಿಲ್ಲ. ದಿನಕ್ಕೆ ಎಷ್ಟು ಬಸ್ ಓಡಾಡುತ್ತವೆ ಅಂತ ಕೇಳುತ್ತೇನೆ. ಹತ್ತು ನಿಮಿಷಕ್ಕೊಂದು ಬಸ್ ಇದ್ದರೆ ಲಾರಿ, ಕಾರೂ ಜಾಸ್ತಿ. ಬಸ್ಸೇ ಇಲ್ಲ ಅಂದರೆ ರಸ್ತೆ ಎಲ್ಲಿ ಮುಗಿಯುತ್ತೋ ಹೇಳೋಕಾಗಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ಮೂರು ಸಲ ಬಸ್ ಬಂದರೆ ಆ ರಸ್ತೆಗೆ ಡಾಂಬರು ಇರುತ್ತದೆ. ಊರಿಗೊಂದು ಟೀ ಅಂಗಡಿ ಇರುತ್ತದೆ. ಪಂಕ್ಚರ್ ಆದರೆ ಯಾರಾದರೂ ಸಿಗುತ್ತಾರೆ. ಮೈಲಿಗಲ್ಲಿನ ಬಣ್ಣವೂ ಗುರುತು ಹೇಳುತ್ತದೆ. ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ಕಿತ್ತಳೆ ಕಂಡರೆ ಹಳ್ಳಿ ರಸ್ತೆ. ಕಿತ್ತಳೆ ಕಂಡಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ನಾಲೆ ಏರಿ ಮೇಲಿನ ದಾರಿ ಬಗ್ಗೆ ಬೇರೆಯೇ ಹೇಳಬೇಕು. ವಿಶ್ವೇಶ್ವರಯ್ಯ ನಾಲೆ ಪಕ್ಕ ಬೆಳಗಿನ ಹೊತ್ತು ಸೈಕಲ್ ತುಳಿಯೋದು ತುಂಬಾ ಚೆಂದ. ನೀರು ಇಳಿಜಾರಿಗೆ ನಿಧಾನವಾಗಿ ಹರಿಯಬೇಕಲ್ವಾ, ಹಾಗಾಗಿ ಪಕ್ಕದ ದಾರಿಯೂ ಹೆಚ್ಚುಕಡಿಮೆ ಸಮತಟ್ಟು. ಎರಡೂ ಕಡೆ ಗದ್ದೆ, ಕಬ್ಬು. ಆದರೆ 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಮಂಡ್ಯದವರು ಯಾರೂ ಅದನ್ನು ಮರೆತಿಲ್ಲ. ತಡೆಗೋಡೆ ಇಲ್ಲದ ಕಡೆ, ಮಳೆ ಬಿದ್ದ ಮೇಲೆ, ಸಂಜೆ ಐದರ ನಂತರ ನಾನು ಏರಿ ಹತ್ತೋದಿಲ್ಲ. ಒಂದು ಸಲ ಮೊಬೈಲ್ ಮ್ಯಾಪ್ ನಂಬಿ ಹೋಗಿ, ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ಮೆತ್ತಿಕೊಂಡು, ಎರಡು ಕಿಲೋಮೀಟರ್ ಸೈಕಲ್ ಹೊತ್ತು ನಡೆದಿದ್ದೇನೆ.

ಹಳ್ಳಿ ರಸ್ತೆಯಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ಡಾಂಬರಿನ ಮೇಲೇ ಒಕ್ಕಣೆ ನಡೆಯುತ್ತದೆ. ಹುರುಳಿ ಬಳ್ಳಿ ಗೇರಿಗೆ ಸುತ್ತಿಕೊಂಡರೆ ಬಿಡಿಸೋಕೆ ಅರ್ಧ ಗಂಟೆ ಬೇಕು. ಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಕಬ್ಬಿನ ಟ್ರ್ಯಾಕ್ಟರ್ ಕಂಡರೆ ರಸ್ತೆ ಬಿಟ್ಟು ಪೂರ್ತಿ ನಿಂತುಬಿಡಿ. ಜಲ್ಲೆಗಳು ಎರಡೂ ಪಕ್ಕ ಚಾಚಿಕೊಂಡಿರುತ್ತವೆ, ಹಿಂದಿರೋ ಸೈಕಲ್ ಡ್ರೈವರ್‌ಗೆ ಕಾಣೋದೇ ಇಲ್ಲ.

ಟೈರು ನೋಡಿಕೊಳ್ಳಿ. 25 ಮಿಲಿಮೀಟರ್ ಟೈರಿನ ರೇಸ್ ಸೈಕಲ್ ಈ ರಸ್ತೆಗಳಿಗೆ ಹೊಂದಲ್ಲ. 38 ಇದ್ದರೆ ಗುಂಡಿ, ಜಲ್ಲಿ ಎಲ್ಲ ತಡೆದುಕೊಳ್ಳುತ್ತದೆ. ಗಾಳಿ ಸ್ವಲ್ಪ ಕಮ್ಮಿ ಇರಲಿ.

ಹುಡುಗನಿಗೆ ನಾನು ಹೇಳಿದ ದಾರಿ ಅರಕೆರೆ, ಬನ್ನೂರು ಮೇಲೆ ಮೈಸೂರು. ಹತ್ತು-ಹದಿನೈದು ಕಿಲೋಮೀಟರ್ ಜಾಸ್ತಿ ಆಗುತ್ತದೆ. ಬನ್ನೂರಿನ ತನಕ ನಿಧಾನಕ್ಕೆ ಹೋದರೆ ಆಯಿತು. ಅಲ್ಲಿಂದ ಮೈಸೂರು ರಸ್ತೆಯಲ್ಲಿ ವಾಹನ ಜಾಸ್ತಿ, ಅದಕ್ಕೇ ಬೆಳಿಗ್ಗೆ ಎಂಟರೊಳಗೆ ಬನ್ನೂರು ದಾಟು ಅಂದಿದ್ದೇನೆ. ಹೊತ್ತಿದ್ದರೆ ಸೋಮನಾಥಪುರದ ಗುಡಿ ನೋಡಿಕೊಂಡು ಬರಲಿ. ವಾಪಸ್ ಬರೋಕೆ ಸುಸ್ತಾದರೆ ರೈಲಿದೆ.

ಮುಂದಿನ ತಿಂಗಳು ನಾಗಮಂಗಲ ಕಡೆ ಹೊರಟಿದ್ದೇನೆ. ಆ ಕಡೆ ದಿನಕ್ಕೆ ಎರಡು-ಮೂರೇ ಬಸ್ ಬರೋ ರಸ್ತೆಗಳು ಯಾವುವು? ಅಲ್ಲಿಯವರು ದಯವಿಟ್ಟು ಊರಿನ ಹೆಸರು ಹೇಳಿ.