ಮೂರ್ತಿಗೆ ಪಾರುಪತ್ಯ

ಚೆಂಡನ್ನು ಚೆನ್ನಾಗಿ ಬಾರಿಸಬಲ್ಲವನು ತಂಡವನ್ನೂ ಚೆನ್ನಾಗಿ ಆಳಬಲ್ಲನೆಂಬ ಭಕ್ತಿ ಅಮೆರಿಕದ ಬೇಸ್‌ಬಾಲ್ ಮಾಲೀಕರಲ್ಲಿ ಬಹುಕಾಲದಿಂದ ಬೇರೂರಿದೆ. ಆದಕಾರಣ ತಂಡ ತಳ ಕಂಡಾಗ ಅವರು ಗರ್ಭಗುಡಿಯ ಮೂರ್ತಿಯನ್ನೇ ಎಬ್ಬಿಸಿ ತಂದು, ಪಾರುಪತ್ತೇಗಾರನ ಗಾದಿಯಲ್ಲಿ ಕೂರಿಸಿ, ಟಿಕೆಟ್ ಕೌಂಟರಿನ ಬಾಗಿಲು ತೆರೆದು ಕಾಯುತ್ತಾರೆ.

1941ರಲ್ಲಿ .406 ಸರಾಸರಿಯಲ್ಲಿ, ಅಂದರೆ ಹತ್ತು ಸಲಕ್ಕೆ ನಾಲ್ಕು ಸಲ ಹೊಡೆತ ಫಲಿಸುವಂತೆ, ಬ್ಯಾಟ್ ಬೀಸಿದ ಟೆಡ್ ವಿಲಿಯಮ್ಸ್, 1969ರಲ್ಲಿ ವಾಷಿಂಗ್ಟನ್ ಸೆನೇಟರ್ಸ್ ತಂಡದ ಮ್ಯಾನೇಜರ್, ಅಂದರೆ ಮೈದಾನದಲ್ಲಿ ತಂಡ ನಡೆಸುವ ಪಾರುಪತ್ತೇಗಾರ, ಆದರು. ಮೊದಲ ವರ್ಷವೇ 86 ಗೆಲುವು ದಕ್ಕಿ, ವರ್ಷದ ಮ್ಯಾನೇಜರ್ ಎಂಬ ಬಿರುದೂ ಬಂತು. ಭಕ್ತರು ಕೆಡುವುದು ಇಂಥ ಮೊದಲ ವರ್ಷಗಳಿಂದಲೇ. ಮುಂದಿನ ವರ್ಷ 92 ಸೋಲು, ಅದರ ಮುಂದೆ 96, ತಂಡವೇ ಊರು ಬಿಟ್ಟು ಟೆಕ್ಸಾಸಿಗೆ ಗುಳೆ ಹೋದ 1972ರಲ್ಲಿ ಸರಿಯಾಗಿ ನೂರು. ಚೆಂಡೆಸೆಯುವ ಪಿಚರ್‌ಗಳನ್ನು ಜೀವಮಾನವಿಡೀ ಶತ್ರುಗಳೆಂದೇ ಕಂಡಿದ್ದ ಆ ಮಹಾನುಭಾವರು ಇನ್ನು ಅವರನ್ನು ಸಾಕಿ ಸಲಹಬೇಕೆಂಬ ಷರತ್ತು ಬಹುಶಃ ಕರಾರಿನಲ್ಲಿ ಸಣ್ಣಕ್ಷರದಲ್ಲಿತ್ತು.

ರೋಜರ್ಸ್ ಹಾರ್ನ್ಸ್‌ಬಿಯವರದು ಇನ್ನೂ ಘನವಾದ ಪ್ರಸಂಗ. 1924ರಲ್ಲಿ .424 ಸರಾಸರಿ ಗಳಿಸಿದ ಈ ಪುಣ್ಯಾತ್ಮರು ಕಣ್ಣು ಕೆಟ್ಟೀತೆಂದು ಸಿನಿಮಾ ನೋಡುತ್ತಿರಲಿಲ್ಲ. ಆಡುತ್ತಲೇ ತಂಡ ನಡೆಸಿ 1926ರ ವಿಶ್ವ ಸರಣಿ, ಅಂದರೆ ವರ್ಷದ ಕೊನೆಯ ಪ್ರಶಸ್ತಿ ಹಣಾಹಣಿ, ಗೆದ್ದರು, ನಿಜ. ಆ ಡಿಸೆಂಬರಿನಲ್ಲೇ ಅವರನ್ನು ಬೇರೆ ತಂಡಕ್ಕೆ ಸಾಗಹಾಕಲಾಯಿತು, ಅದೂ ನಿಜ. ಇಷ್ಟು ಗೊತ್ತಿದ್ದೂ ಸೇಂಟ್ ಲೂಯಿಸ್ ಬ್ರೌನ್ಸ್ ಮಾಲೀಕ ಬಿಲ್ ವೀಕ್ 1952ರಲ್ಲಿ ಅವರನ್ನು ಕರೆತಂದು, ಜೂನ್ ತಿಂಗಳಲ್ಲೇ ಮನೆಗೆ ಕಳಿಸಿದರು. ಆ ಉಪಕಾರಕ್ಕಾಗಿ ಆಟಗಾರರು ಮಾಲೀಕನಿಗೆ ಬೆಳ್ಳಿಯ ಕಪ್ಪೊಂದನ್ನು ಅರ್ಪಿಸಿದರು. ಅದನ್ನು ವೀಕ್ ತಾವೇ ಮಾಡಿಸಿಕೊಂಡರೆಂದು ಆಡಿಕೊಂಡವರೂ ಉಂಟು. ಅದೇನೇ ಇರಲಿ, ಬ್ರೌನ್ಸ್ ಪಾಳಯದಲ್ಲಿ ಆ ವರ್ಷ ಕಪ್ ಕಾಣಿಸಿಕೊಂಡದ್ದು ಹೀಗೆ.

1984ರ ವಿಶ್ವ ಸರಣಿಯ ಶ್ರೇಷ್ಠ ಆಟಗಾರ ಆಲನ್ ಟ್ರಾಮೆಲ್ 2003ರಲ್ಲಿ ಡೆಟ್ರಾಯ್ಟ್ ಟೈಗರ್ಸ್ ವಹಿಸಿಕೊಂಡು 119 ಪಂದ್ಯ ಸೋತರು. ಮೂರು ವರ್ಷವಾದ ಮೇಲೆ ಅವರ ಜಾಗಕ್ಕೆ ಬಂದ ಜಿಮ್ ಲೇಲಂಡ್, ಅತ್ಯುನ್ನತ ಮಟ್ಟದ ಮೇಜರ್ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ ಕೆಳಗಿನ ಲೀಗುಗಳಲ್ಲೇ, ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿ ಸವೆದವರು. ಮೊದಲ ವರ್ಷವೇ ತಂಡವನ್ನು ವಿಶ್ವ ಸರಣಿಗೆ ಕೊಂಡೊಯ್ದು ಭಕ್ತಾದಿಗಳಿಗೆ ಬಹಳ ಮುಜುಗರ ಉಂಟುಮಾಡಿದರು.

ಇಂಥ ಮುಜುಗರ ಹೊಸದೇನಲ್ಲ. ಮೇಜರ್ ಲೀಗಿನಲ್ಲಿ ಒಂದೇ ಸಲ ಬ್ಯಾಟ್ ಹಿಡಿದು, ಅದರಲ್ಲೂ ಮೂರು ಸ್ಟ್ರೈಕ್ ಬಿದ್ದು ಸ್ಟ್ರೈಕ್‌ಔಟ್ ಆಗಿದ್ದ ವಾಲ್ಟರ್ ಆಲ್ಸ್‌ಟನ್, ಮ್ಯಾನೇಜರ್ ಆಗಿ ಡಾಡ್ಜರ್ಸ್ ತಂಡಕ್ಕೆ ನಾಲ್ಕು ವಿಶ್ವ ಸರಣಿ ಗೆದ್ದುಕೊಟ್ಟರು. ಮೂರ್ತಿಯಲ್ಲದ ಮನುಷ್ಯನನ್ನು ಪೂರ್ತಿ ನಂಬುವುದು ಹೇಗೆ? ಮಾಲೀಕರು ಅವರಿಗೆ ಬರೀ ಒಂದೊಂದು ವರ್ಷದ ಕರಾರನ್ನೇ, ಹೀಗೆ 23 ಸಲ, ಬರೆದುಕೊಟ್ಟರು.