ಆ ಒಂದು ಕ್ಷಣ ಅವಳನ್ನು ಬಿಟ್ಟುಬಿಡಿ

ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೆಂಟರ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಹದಿನೈದರ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಗೆಳತಿಯ ಜೊತೆ ಇಂಗ್ಲಿಷಿನಲ್ಲಿ ಹರಟುತ್ತಿದ್ದಳು. ಅಜ್ಜಿ ಕೇಳಿದರು, "ಏನೇ ಪುಟ್ಟಿ, ನಿನ್ನ ಗೆಳತಿ ಯಾಕೆ ಒಳಗೆ ಬರ್ತಿಲ್ಲ?" ಹುಡುಗಿ ತಿರುಗಿದಳು. "ಅವಳಿಗೆ..." ಅಂದಳು. ಬೆರಳು ಗಾಳಿಯಲ್ಲಿ ಪದ ಹುಡುಕಿತು. ಅಷ್ಟರಲ್ಲೇ ಹಿರಿಯರೊಬ್ಬರು, "ಮನೆಮಾತೇ ಮರೆತಿದ್ದಾಳೆ. ಅದೂ ಬರಲ್ಲ, ಇದೂ ಬರಲ್ಲ" ಅಂದುಬಿಟ್ಟರು. ಹುಡುಗಿಯ ಮುಖ ಬಾಡಿತು.

ಇಪ್ಪತ್ತು ವರ್ಷದಿಂದ ಅನುವಾದವೇ ನನ್ನ ಅನ್ನ, ನಿಮಗೆಲ್ಲ ಗೊತ್ತು. ಆ ತಡವರಿಕೆ ನನಗೆ ದಿನಾ ಆಗುತ್ತದೆ. ಅದು ಮರೆವಲ್ಲ.

ಎರಡು ಭಾಷೆ ಬಲ್ಲವರು ಒಂದನ್ನು ಆಡುವಾಗ ಇನ್ನೊಂದು ನಿದ್ದೆ ಮಾಡುತ್ತಿರುವುದಿಲ್ಲ. ಒಂದು ಪ್ರಯೋಗದಲ್ಲಿ ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಇಂಗ್ಲಿಷಿನಲ್ಲಿ 'ಮಾರ್ಕರ್ ಎತ್ತಿಕೊಳ್ಳಿ' ಅಂದರೆ, ಅವರ ಕಣ್ಣು ಪಕ್ಕದ ಅಂಚೆಚೀಟಿಯ ಕಡೆಗೂ ಓಡುತ್ತಿತ್ತು. ಯಾಕೆಂದರೆ ರಷ್ಯನ್ನಿನಲ್ಲಿ ಅಂಚೆಚೀಟಿಗೆ 'ಮಾರ್ಕಾ' ಅನ್ನುತ್ತಾರೆ. ಯಾರೂ ರಷ್ಯನ್ ಆಡಿರಲಿಲ್ಲ, ಆದರೂ ಅದು ಒಳಗೆ ಎಚ್ಚರವಾಗಿತ್ತು!

ಹಾಗಾಗಿ ಒಂದನ್ನು ಆಡಬೇಕಾದರೆ ಇನ್ನೊಂದನ್ನು ಅದುಮಿಡಬೇಕು. 1999ರಲ್ಲಿ ಮ್ಯೂಟರ್ ಮತ್ತು ಆಲ್‌ಪೋರ್ಟ್ ಅನ್ನುವ ಮನಶ್ಶಾಸ್ತ್ರಜ್ಞರು ಎರಡು ಭಾಷೆ ಬಲ್ಲ ಜನರಿಂದ ಅಂಕಿಗಳನ್ನು ಒಮ್ಮೆ ಈ ಭಾಷೆಯಲ್ಲಿ, ಒಮ್ಮೆ ಆ ಭಾಷೆಯಲ್ಲಿ ಹೇಳಿಸಿದರು. ಚೆನ್ನಾಗಿ ಬರುವ ಭಾಷೆಗೆ ವಾಪಸ್ ಬರುವಾಗಲೇ ತೊಡಕು ಜಾಸ್ತಿ ಇತ್ತು. ಬಲವಾದ ಭಾಷೆಯನ್ನು ಗಟ್ಟಿಯಾಗಿ ಅದುಮಬೇಕು, ಮತ್ತೆ ಎತ್ತುವುದಕ್ಕೂ ಹೊತ್ತು ಬೇಕು ಅನ್ನುವುದು ಅವರ ವಿವರಣೆ. ಅಲ್ಲಿ ಅಳೆದದ್ದು ಮಿಲಿಸೆಕೆಂಡುಗಳ ಲೆಕ್ಕ, ನಿಜ. ಆದರೂ ಯೋಚನೆ ಮಾಡಿ: ತಡವರಿಸಿದ ಮಾತ್ರಕ್ಕೆ ಆ ಭಾಷೆ ಸೊರಗಿದೆ ಅಂತ ಹೇಗೆ ತೀರ್ಪು ಕೊಡುತ್ತೀರಿ?

ಅದೂ ಅವಳ ಮುಂದೆ ಇಬ್ಬರಿದ್ದರು. ಒಬ್ಬರಿಗೆ ಒಂದು ಭಾಷೆ, ಇನ್ನೊಬ್ಬರಿಗೆ ಇನ್ನೊಂದು. ಎರಡೂ ಬಲ್ಲ ಗೆಳೆಯರ ನಡುವೆ ಯಾವ ಪದ ಮೊದಲು ಬಂದರೆ ಅದನ್ನೇ ಆಡಿಬಿಡಬಹುದು. ಇಲ್ಲಿ ಆ ಸಲಿಗೆ ಇಲ್ಲ. ಯಾರ ಕಡೆ ತಿರುಗಿದ್ದೇನೆ ಅಂತ ಪ್ರತಿ ಮಾತಿಗೂ ನೋಡಿಕೊಳ್ಳಬೇಕು.

"ಬಳಸದಿದ್ದರೆ ಭಾಷೆ ಹೋಗಲ್ವಾ?" ಅಂತ ಕೇಳುತ್ತೀರಿ. ಹೋಗುತ್ತದೆ. ಅದಕ್ಕೇ ಹೇಳುತ್ತಿರುವುದು, ಬಾಯಿ ತೆರೆದಾಗಲೆಲ್ಲ ಚುಚ್ಚಿದರೆ ಯಾರು ಬಳಸುತ್ತಾರೆ?

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಮಗ ಚಿಕ್ಕವನಿದ್ದಾಗ ಭಾಷೆ ಬೆರೆಸಿದರೆ ನಾನೂ ತಡೆಯುತ್ತಿದ್ದೆ. 'ಟ್ರೈ ಮಾಡ್ತೀನಿ' ಅಂದರೆ 'ಸರಿಯಾಗಿ ಹೇಳು' ಅನ್ನುತ್ತಿದ್ದೆ. ಇಂಗ್ಲಿಷ್ ಪದವೊಂದಕ್ಕೆ ಕನ್ನಡದ ಕ್ರಿಯಾಪದ ಕಟ್ಟಿ, ಕಾಲ, ಪುರುಷ ಎಲ್ಲವನ್ನೂ ಸರಿಯಾಗಿ ಹೊಂದಿಸಿದ್ದ ಹುಡುಗ ಅವನು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಬರಬರುತ್ತಾ ಅವನು ನನಗೆ ಚುಟುಕಾಗಿ ಉತ್ತರ ಕೊಡತೊಡಗಿದ. ಅದು ಇವತ್ತಿಗೂ ನೋಯುತ್ತದೆ.

ಅಜ್ಜಿ ಮಾತ್ರ ಏನೂ ಅನ್ನಲಿಲ್ಲ. ಮೊಮ್ಮಗಳ ಕೈ ಹಿಡಿದು ಸುಮ್ನೆ ಕಾದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಹುಡುಗಿ ಅವರ ಕಿವಿಯ ಹತ್ತಿರ ಬಗ್ಗಿದ್ದಳು. "ಸಂಕೋಚ, ಅಜ್ಜಿ. ಅವಳಿಗೆ ಸಂಕೋಚ."